ಹೊಸ ಶಾಲೆಗೆ ಬಂದ ದೊಡ್ಡ ಮಕ್ಕಳು

ನಮ್ಮ ಕರಾವಳಿಯಲ್ಲಿ ಹಿಂದೆ ಐಗಳ ಮಠಗಳೆಂಬ ಶಾಲೆಗಳಿದ್ದುವು. ಮಕ್ಕಳು ನೆಲದಲ್ಲಿ ಕುಳಿತು, ಮುಂದೆ ಹರವಿದ ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ಐಗಳ ಬೆತ್ತದ ಭಯವೂ ಅಲ್ಲಿ ಸಾಕಷ್ಟಿತ್ತು. ಕಪ್ಪುಹಲಗೆಯೂ ಪರೀಕ್ಷೆಯೂ ಬಂದ ಮೇಲೆ ಮರಳು ಮರೆಯಾಯಿತು. ಒಕ್ಕೊರಲು ಮಾತ್ರ ಬಹುಕಾಲ ಉಳಿಯಿತು. ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿಯವರು 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು. ಅಲ್ಲಿಯೂ ಅಕ್ಷರದ ಪರಿಚಯ ಬೆರಳಿಗೇ ಆಗುತ್ತಿತ್ತು. ಮರಳುಕಾಗದದಿಂದ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸುತ್ತಿದ್ದರು. ಇಷ್ಟನ್ನು ಕೇಳಿದ್ದರೆ ನಮ್ಮ ಐಗಳು ಮೆಚ್ಚುತ್ತಿದ್ದರೇನೋ. ಬೆತ್ತ, ಬಹುಮಾನ ಯಾವುದೂ ಇಲ್ಲವೆಂದಿದ್ದರೆ ಒಪ್ಪುತ್ತಿದ್ದರೆಂದು ಹೇಳಲಾರೆ.

ಮೂರು ವರ್ಷದ ಮಗುವಿಗೆ ಇಂಥ ಶಾಲೆ ಬಹುಬೇಗ ಒಗ್ಗುತ್ತದೆ. ಆದರೆ ನಾಲ್ಕೈದು ವರ್ಷ ಸಾಮಾನ್ಯ ಶಾಲೆಯಲ್ಲಿ ಕಲಿತು, ಒಂಬತ್ತು ಹತ್ತರ ವಯಸ್ಸಿನಲ್ಲಿ ಇಲ್ಲಿಗೆ ಬರುವ ಮಗುವಿನ ಪಾಡೇ ಬೇರೆ. ಯಾವಾಗ ಪುಸ್ತಕ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಇದುವರೆಗೆ ಗಂಟೆ ತಿಳಿಸುತ್ತಿತ್ತು. ಉತ್ತರ ಸರಿಯೋ ತಪ್ಪೋ ಎಂಬುದನ್ನು ಕೆಂಪು ಶಾಯಿ ತಿಳಿಸುತ್ತಿತ್ತು. ಈಗ ಎರಡೂ ಇಲ್ಲ. ಕೆಲಸವನ್ನು ತಾನೇ ಆರಿಸಿಕೊಳ್ಳಬೇಕು, ತಪ್ಪನ್ನು ತಾನೇ ಕಂಡುಕೊಳ್ಳಬೇಕು. ಇದನ್ನು ನಾವು ಸ್ವಾತಂತ್ರ್ಯವೆಂದು ಕರೆಯುತ್ತೇವೆ. ಮಗುವಿಗಾದರೋ ಮೊದಲಲ್ಲಿ ಅದು ದಿಕ್ಕುತಪ್ಪಿದಂತೆ ತೋರುತ್ತದೆ.

ಈ ಕಷ್ಟವನ್ನು ಚೆನ್ನಾಗಿ ಬಲ್ಲವರು ಗುಜರಾತಿನ ಗಿಜುಭಾಯಿ ಬಧೇಕಾ. ವಕೀಲಿ ವೃತ್ತಿಯನ್ನು ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ ಅವರನ್ನು ಜನರು ‘ಮೀಸೆಯುಳ್ಳ ತಾಯಿ’ ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಅವರ ‘ದಿವಾಸ್ವಪ್ನ’ ಎಂಬ ಕಥನದಲ್ಲಿ ಉಪಾಧ್ಯಾಯನೊಬ್ಬನು ಸಾಮಾನ್ಯ ಶಾಲೆಯ ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಪ್ರಯೋಗಕ್ಕಾಗಿ ವಹಿಸಿಕೊಳ್ಳುತ್ತಾನೆ. ಮೊದಲ ದಿನವೇ ಮಾಂಟೆಸೊರಿ ಪದ್ಧತಿಯ ಮೌನದ ಆಟವನ್ನು ಆಡಿಸಲು ಹೊರಡುತ್ತಾನೆ. ಮಕ್ಕಳು ಗದ್ದಲವೆಬ್ಬಿಸಿ ಅವನ ಯೋಜನೆಯನ್ನೆಲ್ಲ ತಲೆಕೆಳಗು ಮಾಡುತ್ತಾರೆ. ಆತನು ಬೆತ್ತ ಹಿಡಿಯುವುದಿಲ್ಲ. ಮರುದಿನ ಕಥೆ ಹೇಳಲು ತೊಡಗುತ್ತಾನೆ. ಗದ್ದಲ ಮಾಡಿದ್ದ ಮಕ್ಕಳು ಕಥೆ ಮುಂದುವರಿಯಲೆಂದು ಬೇಡುತ್ತಾರೆ. ಮೌನಕ್ಕಿಂತ ಮೊದಲು ನಂಬಿಕೆ ಬೇಕೆಂಬುದನ್ನು ಗಿಜುಭಾಯಿಯವರು ಹೀಗೆ ಕಾಣಿಸಿದ್ದಾರೆ.

ಮಣಿಪಾಲದ ಸಮೀಪದ ಮಾಂಟೆಸೊರಿ ಶಾಲೆಯೊಂದಕ್ಕೆ ನಾನು ಕೆಲವು ಕಾಲ ಹೋಗಿಬರುತ್ತಿದ್ದೆ. ಕಾಪುವಿನ ಮೀನುಗಾರರ ಮನೆಯ ಒಂಬತ್ತು ವರ್ಷದ ಬಾಲಕನೊಬ್ಬನು ಆಗ ತಾನೇ ಅಲ್ಲಿಗೆ ಸೇರಿದ್ದನು. ಮೊದಲ ವಾರವೆಲ್ಲ ಅವನು ಕೈಕಟ್ಟಿ ಕುಳಿತು ಅಪ್ಪಣೆಗಾಗಿ ಕಾದನು. ಎರಡನೆಯ ವಾರ, ಬೈಯುವವರಿಲ್ಲವೆಂದು ಅರಿವಾದೊಡನೆ, ಕೋಣೆಯಿಂದ ಕೋಣೆಗೆ ಓಡಾಡಿ ಇತರರ ಕೆಲಸವನ್ನು ಕೆಡಿಸಿದನು. ಏನನ್ನು ತೋರಿಸಿದರೂ ಅವನದು ಒಂದೇ ಪ್ರಶ್ನೆ: “ಟೀಚರ್, ಇದು ಪರೀಕ್ಷೆಗೆ ಉಂಟಾ?” ಶಿಕ್ಷಕಿ ಅವನನ್ನು ದಂಡಿಸಲಿಲ್ಲ, ಮನಬಂದಂತೆ ಬಿಡಲೂ ಇಲ್ಲ. “ಈ ಎರಡು ಕೆಲಸಗಳಲ್ಲಿ ನಿನಗೆ ಯಾವುದು ಬೇಕು?” ಎಂದು ಕೇಳಿದರು. ಆಯ್ಕೆಯನ್ನೂ ಅಭ್ಯಾಸದಿಂದಲೇ ಕಲಿಯಬೇಕಷ್ಟೆ. ಗಿಡಗಳಿಗೆ ನೀರೆರೆಯುವುದು, ಪುಸ್ತಕಕ್ಕೆ ರಟ್ಟು ಹಾಕುವುದು ಮೊದಲಾದ ಕೈಕೆಲಸಗಳನ್ನು ಕೊಟ್ಟರು. ಒಂದು ದಿನ ಹುಡುಗನು ಹರಿದ ಬಲೆಯ ತುಂಡೊಂದನ್ನು ಮನೆಯಿಂದ ತಂದು ಹೆಣೆಯತೊಡಗಿದನು. ಸುತ್ತಲೂ ಮಕ್ಕಳು ನೆರೆದರು. ಗಂಟು ಹಾಕುವ ಕ್ರಮವನ್ನು ಅವನೇ ಕಲಿಸಿಕೊಟ್ಟನು. ಆ ಶಾಲೆ ಅವನದಾದುದು ಅಂದಿನಿಂದ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ದೊಡ್ಡ ಮಗುವಿನ ಮುಂದೆ ಶಿಶುಗಳ ಆಟಿಕೆಗಳನ್ನಿಟ್ಟರೆ ಅದಕ್ಕೆ ಅವಮಾನವಾಗುತ್ತದೆ. ಅದು ಬಲ್ಲ ವಿಷಯದ ಒಳಗುಟ್ಟನ್ನೇ ತೋರಿಸಬೇಕು. ಈ ಹುಡುಗನಿಗೆ ‘ಸಾಲ ತಂದು ಕಳೆಯುವುದು’ ಬರುತ್ತಿತ್ತು. ಸಾಲ ಎಲ್ಲಿಂದ ಬಂತೆಂಬುದು ತಿಳಿದಿರಲಿಲ್ಲ. ಶಿಕ್ಷಕಿ ಹೊನ್ನಿನ ಬಣ್ಣದ ಮಣಿಗಳನ್ನು ತಂದರು. ಒಂದು ಬಿಡಿಮಣಿ, ಹತ್ತು ಮಣಿಗಳ ಸರಳು, ನೂರರ ಚೌಕ, ಸಾವಿರದ ಘನ. 1002ರಿಂದ 347ನ್ನು ಕಳೆಯಬೇಕು. ಎದುರಿಗಿರುವುದು ಒಂದು ಘನ, ಎರಡು ಬಿಡಿಮಣಿ. ಘನವನ್ನು ಕೊಟ್ಟು ಹತ್ತು ಚೌಕಗಳನ್ನು, ಒಂದು ಚೌಕಕ್ಕೆ ಹತ್ತು ಸರಳುಗಳನ್ನು, ಒಂದು ಸರಳಿಗೆ ಹತ್ತು ಮಣಿಗಳನ್ನು ಪಡೆದಾಗ 9 ಚೌಕ, 9 ಸರಳು, 12 ಮಣಿಗಳಾದುವು. ತೆಗೆಯಬೇಕಾದುದನ್ನು ತೆಗೆದಾಗ 655 ಉಳಿಯಿತು. “ಇದು ಸಾಲವಲ್ಲ, ಚಿಲ್ಲರೆ!” ಎಂದನು ಹುಡುಗ. ಮೀನಿನ ಪೇಟೆಯನ್ನು ಬಲ್ಲವನ ಮಾತು!

ಆರರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳ ಕಲಿಕೆಯ ವಿಚಾರವು ವಿಸ್ತಾರವಾಗಿ ಬೆಳೆದುದು ನಮ್ಮ ದೇಶದಲ್ಲೇ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸೊರಿಯವರು ಮಹಾಯುದ್ಧದ ಕಾರಣದಿಂದ ಯುರೋಪಿಗೆ ಮರಳಲಾರದೆ ಹೋದರು. ಕೊಡೈಕನಾಲಿನಲ್ಲಿದ್ದಾಗ ಅವರೂ ಅವರ ಮಗ ಮಾರಿಯೋ ಅವರೂ ವಿವಿಧ ವಯಸ್ಸಿನ ಮಕ್ಕಳೊಡನೆ ಕೆಲಸ ಮಾಡಿದರು. ಈ ವಯಸ್ಸಿನವರಿಗೆ ‘ಏಕೆ’ ಎಂಬ ಪ್ರಶ್ನೆಯೂ ಕಲ್ಪನೆಯೂ ಪ್ರಬಲವಾಗಿರುವುದರಿಂದ ವಿಶ್ವದ ಕಥೆಯನ್ನೇ ಅವರ ಮುಂದಿಡಬೇಕೆಂಬುದು ಆ ಚಿಂತನೆಯ ತಿರುಳು. ಆ ಕಥೆಯನ್ನು ನಮ್ಮ ಊರಿನಿಂದಲೂ ಆರಂಭಿಸಬಹುದು. ನಾನು ಕಂಡ ತರಗತಿಯಲ್ಲಿ ಮಕ್ಕಳು ಉದ್ದನೆಯ ಬಟ್ಟೆಯ ಪಟ್ಟಿಯೊಂದನ್ನು ನೆಲದ ಮೇಲೆ ಹಾಸಿ, ವರ್ಷಕ್ಕೊಂದು ಸೆಂಟಿಮೀಟರಿನಂತೆ ಗುರುತು ಹಾಕಿದ್ದರು. ಕಾರ್ಕಳದ ಗೊಮ್ಮಟನ ಪ್ರತಿಷ್ಠೆಯಾದ 1432ರಿಂದ ಕಾಪುವಿನ ದೀಪಸ್ತಂಭ ಎದ್ದ 1901ಕ್ಕೆ 4 ಮೀಟರ್ 69 ಸೆಂಟಿಮೀಟರ್. ಅಲ್ಲಿಂದ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ 1953ಕ್ಕೆ 52 ಸೆಂಟಿಮೀಟರ್. ಉಡುಪಿ ಜಿಲ್ಲೆ ರಚನೆಯಾದ 1997ಕ್ಕೆ ಮತ್ತೆ 44. ಇಸವಿಗಳನ್ನು ಉರುಹೊಡೆದು ಬಂದಿದ್ದ ಬಾಲಕನು ಗೊಮ್ಮಟನಿಂದ ದೀಪಸ್ತಂಭಕ್ಕೆ ನಡೆದು ನೋಡಿ, ತನ್ನ ಆಯುಷ್ಯವನ್ನು ಬೆರಳುಗಳಿಂದ ಅಳೆದು, ಬಹಳ ಹೊತ್ತು ಸುಮ್ಮನೆ ನಿಂತಿದ್ದನು. ಅಂದು ಪರೀಕ್ಷೆಯ ಪ್ರಶ್ನೆ ಅವನ ಬಾಯಿಂದ ಬರಲಿಲ್ಲ.

ಮನೆಯವರ ಅಂಜಿಕೆ ಅಷ್ಟು ಬೇಗ ಹೋಗುವಂಥದಲ್ಲ. ಬಾಲಕನ ತಾಯಿ ಪ್ರತಿ ಸಂಜೆ “ಇವತ್ತು ಎಷ್ಟು ಪುಟ ಬರೆದೆ?” ಎಂದು ವಿಚಾರಿಸುತ್ತಿದ್ದರು; ಟ್ಯೂಷನ್ನಿಗೂ ಕಳುಹಿಸಿದ್ದರು. ಆಕೆಯನ್ನು ಹಳಿಯುವುದು ಸಲ್ಲದು. ಹತ್ತನೆಯ ತರಗತಿಯ ಪರೀಕ್ಷೆಯೊಂದು ಮುಂದೆ ಇದ್ದೇ ಇದೆಯಲ್ಲ! ಶಿಕ್ಷಕಿ ಅವರನ್ನು ಕರೆಸಿ, ಒಂದು ಬೆಳಗ್ಗೆ ತರಗತಿಯ ಮೂಲೆಯಲ್ಲಿ ಕುಳ್ಳಿರಿಸಿದರು. ಮಗನು ಯಾರೂ ಹೇಳದೆಯೇ ಮಣಿಗಳನ್ನು ತಂದು, ಲೆಕ್ಕ ಮಾಡಿ, ತಪ್ಪನ್ನು ಕಂಡು, ಮೊದಲಿನಿಂದ ಮತ್ತೆ ಮಾಡಿದುದನ್ನು ಆಕೆ ನೋಡಿದರು. ಟ್ಯೂಷನ್ ನಿಂತಿತು. ಆದರೆ ಮುಸ್ಸಂಜೆ ಮಗ್ಗಿ ಹೇಳುವುದನ್ನು ಮಾತ್ರ ಬಿಡಕೂಡದೆಂದು ತಾಯಿ ಪಟ್ಟು ಹಿಡಿದರು. ಶಿಕ್ಷಕಿ ಸಂತೋಷದಿಂದ ಒಪ್ಪಿದರು. ಅರ್ಥ ತಿಳಿದ ಮೇಲೆ ಬಾಯಿಪಾಠದಿಂದ ನಷ್ಟವೇನೂ ಇಲ್ಲ. ಪ್ರೌಢಶಾಲೆಗೆ ಹೋಗಬೇಕಾದ ಮಕ್ಕಳಿಗೆ ಅದರ ಹಿಂದಿನ ವರ್ಷದಲ್ಲಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು ಪ್ರಶ್ನಪತ್ರಿಕೆಗೆ ಉತ್ತರ ಬರೆಯುವುದನ್ನೂ ಆ ಶಾಲೆಯಲ್ಲಿ ಕಲಿಸುತ್ತಿದ್ದರು.