ಕೆಂಪು ಬೆಳಕಿಗೆ ಕಾನೂನಿನಲ್ಲಿ ವಿನಾಯಿತಿಯಿಲ್ಲ

ಸರ್ಚ್‌ಲೈಟಿನ ಗಾಜಿಗೆ ಕೆಂಪು ಹಾಳೆ ಅಂಟಿಸಿ ರಾತ್ರಿ ಶಿಕಾರಿಗೆ ಹೊರಡುವವರ ಲೆಕ್ಕಾಚಾರ ಸರಳ. ಬಣ್ಣ ಗುರುತಿಸುವ ಕಣ್ಣಿನ ಕೋಶಗಳು ಮನುಷ್ಯರಲ್ಲಿ ಮೂರು ಬಗೆ, ಜಿಂಕೆಯ ಜಾತಿಯ ಪ್ರಾಣಿಗಳಲ್ಲಿ ಎರಡೇ ಬಗೆ. ಕೆಂಪು ಬೆಳಕು ಅವಕ್ಕೆ ತೀರಾ ಮಂಕಾಗಿ ಕಾಣುತ್ತದೆ. ಬಿಳಿ ಬೆಳಕಿಗೆ ಬೆದರಿ ಓಡಬಹುದಾದ ಪ್ರಾಣಿ ಕೆಂಪು ಬೆಳಕಿನಲ್ಲಿ ಮೇಯುತ್ತಲೇ ನಿಂತಿರುತ್ತದೆ. ಅದರ ಕಣ್ಣಿನ ಹೊಳಪೇ ಕೋವಿಗೆ ಗುರಿ ತೋರಿಸುತ್ತದೆ. ಅಮೆರಿಕದ ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಖಾಸಗಿ ಜಮೀನಿನ ಕಾಡುಹಂದಿಯನ್ನು ರಾತ್ರಿ ಹೊಡೆಯಲು ಅವಕಾಶವಿರುವುದರಿಂದ ಅಲ್ಲಿ ಇಂಥ ದೀಪಗಳ ಮಾರಾಟ ಬಹಿರಂಗವಾಗಿಯೇ ನಡೆಯುತ್ತದೆ. ಅದನ್ನು ನೋಡಿ, ನಮ್ಮಲ್ಲೂ ದೀಪಕ್ಕೆ ನಿಷೇಧವಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಇದು ಕಾನೂನನ್ನು ತಲೆಕೆಳಗಾಗಿ ಓದಿದಂತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 17ನೇ ಕಲಂನಲ್ಲಿ ದೀಪದ ಮಾತು ಇತ್ತು. ಆಗ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. ಹಾಗೆ ಪರವಾನಗಿ ಪಡೆದವರೂ ಕೃತಕ ಬೆಳಕು ಬಳಸಬಾರದು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯಾಡಬಾರದು ಎಂದು ಆ ಕಲಂ ಹೇಳುತ್ತಿತ್ತು. ಮಾಂಸಾಹಾರಿ ಪ್ರಾಣಿ ತಾನು ಕೊಂದ ಬೇಟೆಗೆ ಮರಳಿ ಬಂದಾಗ ಹೊಡೆಯಲು ವಿಶೇಷ ಅನುಮತಿ ಸಿಕ್ಕವರಿಗೆ ಮಾತ್ರ ವಿನಾಯಿತಿ. 1991ರ ತಿದ್ದುಪಡಿ ಬೇಟೆಯ ಪರವಾನಗಿಗಳನ್ನೇ ರದ್ದುಮಾಡಿತು. ಅವುಗಳೊಂದಿಗೆ 17ನೇ ಕಲಂ ಕೂಡ ಹೋಯಿತು. ದೀಪದ ಮೇಲಿನ ನಿರ್ಬಂಧ ಪುಸ್ತಕದಿಂದ ಅಳಿದದ್ದು ದೀಪಕ್ಕೆ ಅನುಮತಿ ಸಿಕ್ಕಿತೆಂದಲ್ಲ, ಬೇಟೆಯೇ ಮುಚ್ಚಿಹೋಯಿತೆಂದು. ಬೇಟೆಯೇ ಅಪರಾಧವಾದ ಮೇಲೆ ಅದನ್ನು ಹಗಲಲ್ಲಿ ಮಾಡಿದರೂ ಇರುಳಲ್ಲಿ ಮಾಡಿದರೂ, ಬಿಳಿ ಬೆಳಕಿನಲ್ಲಾಗಲಿ ಕೆಂಪು ಬೆಳಕಿನಲ್ಲಾಗಲಿ, ವ್ಯತ್ಯಾಸವೇನೂ ಇಲ್ಲ.

ಪ್ರಾಣಿ ಸತ್ತಿಲ್ಲವಲ್ಲ ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ವಿಷವಿಕ್ಕುವುದು, ಉರುಳು ಒಡ್ಡುವುದು, ಅಟ್ಟುವುದು ಮತ್ತು ಇವುಗಳ ಪ್ರತಿ ಪ್ರಯತ್ನವೂ ಬೇಟೆಯೇ. ತುಂಬಿದ ಕೋವಿಯೊಂದಿಗೆ ಕಾಡಂಚಿನಲ್ಲಿ ಸಿಕ್ಕಿಬಿದ್ದವರ ಕೈಯಲ್ಲಿ ಕೆಂಪು ಗಾಜಿನ ದೀಪವಿದ್ದರೆ, ಅವರ ಉದ್ದೇಶವನ್ನು ತೋರಿಸುವ ಸಾಕ್ಷ್ಯಗಳಲ್ಲಿ ಅದೂ ಒಂದಾಗಬಹುದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಂದನೇ ಅನುಸೂಚಿಯ ಪ್ರಾಣಿಯಾದರೆ, ಅಥವಾ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆಯಾದರೆ, 3ರಿಂದ 7 ವರ್ಷ ಸೆರೆ ಮತ್ತು ಕನಿಷ್ಠ 25,000 ರೂಪಾಯಿ ದಂಡ. ಕೋವಿ, ವಾಹನಗಳ ಮುಟ್ಟುಗೋಲಿಗೂ ನ್ಯಾಯಾಲಯ ಆದೇಶಿಸಬಹುದು.

ಇಲ್ಲಿ ರೈತರ ಆಕ್ಷೇಪವನ್ನು ಗೌರವದಿಂದಲೇ ಕೇಳಬೇಕು. ಹಂದಿ ನುಗ್ಗಿ ಒಂದೇ ರಾತ್ರಿಯಲ್ಲಿ ಗದ್ದೆ ಹಾಳಾಗುವ ಸಂಕಟ ಸಣ್ಣದಲ್ಲ. ಕಾನೂನು ಅದಕ್ಕೆ ಕುರುಡಾಗಿಲ್ಲ: ಎರಡನೇ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಅಪಾಯಕಾರಿಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ನಮೂದಿಸಿ ಲಿಖಿತ ಅನುಮತಿ ಕೊಡಬಹುದು ಎನ್ನುತ್ತದೆ 11ನೇ ಕಲಂ. ಬೆಳೆ ರಕ್ಷಣೆಗೆಂದು ಪಡೆದ ಕೋವಿ ಲೈಸೆನ್ಸ್ ಈ ಅನುಮತಿಯಲ್ಲ. ಕೊಡಗಿನವರಿಗೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ, ನಿಜ. ಆದರೆ ಶಿಕಾರಿಗೆ ಹೋದವನ ಮೇಲೆ ಆನೆ ಎರಗಿದಾಗ ಈ ರಕ್ಷಣೆ ಸಿಗದು. ಆ ಹೊತ್ತಿನಲ್ಲಿ ಕಾಯ್ದೆಯನ್ನು ಉಲ್ಲಂಘಿಸುತ್ತಿದ್ದವನಿಗೆ ಅದೇ 11ನೇ ಕಲಂ ವಿನಾಯಿತಿ ನಿರಾಕರಿಸುತ್ತದೆ.

ಹಾಗೆಂದು ಟಾರ್ಚ್ ಹಿಡಿದು ಹೊಲ ಕಾಯುವುದು ಅಪರಾಧವಲ್ಲ, ಅದರ ಬೆಳಕು ಯಾವ ಬಣ್ಣದ್ದಿದ್ದರೂ. ಕಾವಲಿಗೆ ಹೋದ ರೈತನನ್ನು ವಿನಾಕಾರಣ ಸತಾಯಿಸಲು, ಜಪ್ತಿಯ ಅಧಿಕಾರ ಕೊಡುವ 50ನೇ ಕಲಂನ ನೆಪ ಹೂಡಿ ಅವನ ವಸ್ತುಗಳನ್ನು ಕಿತ್ತುಕೊಳ್ಳುವ ಅಧಿಕಾರಿಗೇ 53ನೇ ಕಲಂನಡಿ 6 ತಿಂಗಳವರೆಗೆ ಸೆರೆಯಾಗಬಹುದು. ಬಂಧನವಾದರೆ ಕಾರಣ ತಿಳಿಯುವುದು, ವಕೀಲರನ್ನು ಕಾಣುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು ಎಲ್ಲರ ಹಕ್ಕು. ಬೇಟೆಯ ಆರೋಪ ಹೊತ್ತವರಿಗೂ ಇದು ಅನ್ವಯಿಸುತ್ತದೆ. ಬೆಳೆ ಹಾಳಾದಾಗ ಫೋಟೋ, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗೆ ಪರಿಹಾರದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ರಾತ್ರಿ ಕಾಡಂಚಿನಲ್ಲಿ ಬೆಳಕು ಹರಿದಾಡಿ ಈಡು ಕೇಳಿಸಿದರೆ ಹತ್ತಿರ ಹೋಗಬೇಡಿ. ಜಾಗ, ಸಮಯ, ವಾಹನದ ಸಂಖ್ಯೆ ಬರೆದುಕೊಂಡು ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ತಿಳಿಸಿ. ಇಲಾಖೆ ಸುಮ್ಮನಿದ್ದರೆ 55ನೇ ಕಲಂನಡಿ 60 ದಿನಗಳ ನೋಟಿಸ್ ಕೊಟ್ಟು ಯಾವ ನಾಗರಿಕರಾದರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು.