ಸ್ಪೀಕರ್ ಬದಲಿಸಬೇಕೆ, ಕೋಣೆ ಸರಿಪಡಿಸಬೇಕೆ?

ಮನೆಯಲ್ಲಿ ಕೇಳುವ ಸಂಗೀತದ ಗುಣಮಟ್ಟವನ್ನು ಮುಖ್ಯವಾಗಿ ನಿರ್ಧರಿಸುವುದು ಸ್ಪೀಕರ್ ಮತ್ತು ಕೋಣೆ; ಆಂಪ್ಲಿಫೈಯರ್, ಕೇಬಲ್‌ಗಳ ಪಾಲು ಕಡಿಮೆ. ಆಂಪ್ಲಿಫೈಯರ್ 50 ವಾಟ್‌ನಿಂದ 100 ವಾಟ್‌ಗೆ ಏರಿದರೂ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಅಲ್ಪ ವ್ಯತ್ಯಾಸ.

ಫ್ಲ್ಯಾಟಿನ ಹಾಲ್‌ನಲ್ಲಿ ಟೈಲ್ಸ್ ನೆಲ, ಬರಿಗೋಡೆ, ಗಾಜಿನ ಕಿಟಕಿಗಳಿದ್ದರೆ ಅವು ಸದ್ದನ್ನು ಮರಳಿಸಿ ಗಾಯನದ ಸ್ಪಷ್ಟತೆ ಕೆಡಿಸುತ್ತವೆ. ದಪ್ಪ ಜಮಖಾನ, ಪರದೆ ಹಾಕಿ, ಸ್ಪೀಕರನ್ನು ಮೂಲೆಯಿಂದ ಈಚೆಗೆ ತಂದು ಕಿವಿಯ ಮಟ್ಟಕ್ಕೆ ಇಟ್ಟರೆ ಅಲ್ಪ ಖರ್ಚಿನಲ್ಲೇ ಸುಧಾರಣೆ ಸಿಗುತ್ತದೆ. ಆದರೆ ಧ್ವನಿಮುದ್ರಣಕ್ಕೂ ಮಿತಿಯಿದೆ: ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲಿ ದಾಖಲಾಗದೆ ಉಳಿದದ್ದನ್ನು ಯಾವ ದುಬಾರಿ ಯಂತ್ರವೂ ಮರಳಿ ತರಲಾರದು.

ಟಿವಿಯ ಒಳಸ್ಪೀಕರ್ ಬಿಟ್ಟು ಒಳ್ಳೆಯ ಜೋಡಿ ಸ್ಪೀಕರ್ ಕೊಳ್ಳುವುದು ಸಾರ್ಥಕ ಖರ್ಚು. ಅಲ್ಲಿಂದಾಚೆಗೆ ಬೆಲೆ ಏರಿದಷ್ಟು ಗುಣ ಏರುವುದಿಲ್ಲ. ಕೊಳ್ಳುವ ಮುನ್ನ ಪರಿಚಿತ ಹಾಡನ್ನೇ ಹಳೆಯ, ಹೊಸ ಸ್ಪೀಕರ್ ಎರಡರಲ್ಲೂ ಸಮಾನ ಸದ್ದಿನಲ್ಲಿ ಕೇಳಿ ಹೋಲಿಸಬೇಕು.