ಡೆಸಿಬೆಲ್ ಒಂದಕ್ಕೆ ಹದಿನೆಂಟು ಸಾವಿರ

ಗಣೇಶನ ಹಬ್ಬದ ಸೀಸನ್‌ಗೆ ಮುಂಚೆ ನಮ್ಮ ಆರ್ಕೆಸ್ಟ್ರಾದ ಡ್ರಮ್ಮರ್ ಅಂದ: ‘ಗುರೂ, ನಿನ್ನ ಬೇಸ್ ನನಗೇ ಕೇಳಲ್ಲ.’ ಆ ಒಂದು ಮಾತಿಗೆ ನನ್ನ ಜೇಬಿಂದ 54,000 ರೂಪಾಯಿ ಹೋಯಿತು.

ಹಳೆಯ ಆ್ಯಂಪ್ 8 ಓಮ್ಸ್‌ಗೆ 300 ವ್ಯಾಟ್, 4 ಓಮ್ಸ್‌ಗೆ 500 ವ್ಯಾಟ್ ಕೊಡುತ್ತಿತ್ತು. ಅದನ್ನು 20,000ಕ್ಕೆ ಮಾರಿ, 8 ಓಮ್ಸ್‌ಗೇ 600 ವ್ಯಾಟ್ ಕೊಡುವ ಹೊಸದನ್ನು 68,000ಕ್ಕೆ ತಂದೆ. ವ್ಯಾಟ್ ದುಪ್ಪಟ್ಟಾದರೆ ಸದ್ದೂ ದುಪ್ಪಟ್ಟು ಅಂದುಕೊಂಡಿದ್ದೆ. ಮೂರನೇ ಪ್ರೋಗ್ರಾಂಗೆ ಸುಟ್ಟ ವಾಸನೆ. 300 ವ್ಯಾಟ್ ಆರ್‌ಎಂಎಸ್‌ನ ನನ್ನ ಒಂಟಿ ಸ್ಪೀಕರ್ ಬಾಕ್ಸಿನ ಕಾಯಿಲ್ ಬೆಂದಿತ್ತು. ರಿಪೇರಿಗೆ 6,000.

ದುಡ್ಡು ಹೋದ ಮೇಲೆ ಕಾಗದ, ಪೆನ್ನು ಹಿಡಿದು ಕೂತೆ. ಬಾಕ್ಸಿನ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಕೊಡುವ ಸದ್ದು, 94 ಡಿಬಿ. 300 ವ್ಯಾಟ್ ಕೊಟ್ಟರೆ ಸುಮಾರು 119, 600 ಕೊಟ್ಟರೆ 122. ಬರೀ 3 ಡಿಬಿ! ಕಿವಿಗೆ ದುಪ್ಪಟ್ಟು ಅನ್ನಿಸಲು ಸುಮಾರು 10 ಬೇಕು, ಅಂದರೆ ಹತ್ತುಪಟ್ಟು ವ್ಯಾಟ್.

ಅಂಥದೇ ಇನ್ನೊಂದು 8 ಓಮ್ಸ್ ಬಾಕ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ 15,000ಕ್ಕೆ ಸಿಗುತ್ತಿತ್ತು. ಎರಡನ್ನೂ ಪ್ಯಾರಲಲ್ ಜೋಡಿಸಿದರೆ 4 ಓಮ್ಸ್, ಹಳೆಯ ಆ್ಯಂಪೇ 500 ವ್ಯಾಟ್ ಕೊಡುತ್ತಿತ್ತು. ಅದಕ್ಕೆ 121, ಎರಡು ಬಾಕ್ಸ್ ಕೂಡಿ ನುಡಿದದ್ದಕ್ಕೆ ಇನ್ನೊಂದು 3, ಒಟ್ಟು 124. ಒಂದೊಂದು ಬಾಕ್ಸಿಗೂ 250 ವ್ಯಾಟ್ ಮಾತ್ರ, ಕಾಯಿಲ್ ಕ್ಷೇಮ. 15,000ಕ್ಕೆ 5 ಡಿಬಿ, ತಲಾ 3,000. ನಾನು ತೆತ್ತದ್ದು ತಲಾ 18,000.

97 ಡಿಬಿ ಸೆನ್ಸಿಟಿವಿಟಿಯ ಬಾಕ್ಸಿಗೆ ಬದಲಾಯಿಸುವ ದಾರಿಯೂ ಇತ್ತು, ಬಿಡಿ.

ಆದರೆ ‘ಪಿಎಂಪಿಒ 5,000 ವ್ಯಾಟ್’ ಅಂತ ಸ್ಟಿಕ್ಕರ್ ಅಂಟಿಸಿದ ಡಬ್ಬಗಳ ಸುದ್ದಿ ಮಾತ್ರ ನನ್ನ ಹತ್ತಿರ ಎತ್ತಬೇಡಿ. ಮನೆಯ 5 ಆಂಪಿಯರ್ ಪ್ಲಗ್ಗಿನಿಂದ 230 ವೋಲ್ಟ್‌ಗೆ ಬರುವುದೇ 1,150 ವ್ಯಾಟ್. ಮಿಕ್ಕಿದ್ದನ್ನು ಗಣಪತಿ ಕೊಡುತ್ತಾನಾ?

ನಿಜಕ್ಕೂ ಕೆಟ್ಟದ್ದು ಲೆಕ್ಕವಲ್ಲ, ಅವಮಾನವಾದ ವಾರವೇ ಪರ್ಸ್ ಬಿಚ್ಚುವ ಚಾಳಿ. ಹಬ್ಬದ ಮುಂಚೆ ಏನನ್ನೂ ಕೊಳ್ಳಬೇಡಿ. ಬಾಡಿಗೆಗೆ ತಂದು ಒಂದು ಪ್ರೋಗ್ರಾಂ ನುಡಿಸಿ. ಬಾಕ್ಸನ್ನು ತಿರುಗಿಸಿ ಹಿಂದಿನ ಬರಹ ಓದಿ. ಇಷ್ಟಕ್ಕೂ ಸೋಮಾರಿತನವಾದರೆ ದುಡ್ಡು ಹೋಗಲಿ ಬಿಡಿ.

ಕಳೆದ ಪ್ರೋಗ್ರಾಂನಲ್ಲಿ ಡ್ರಮ್ಮರ್ ಮತ್ತೆ ‘ಕೇಳಲ್ಲ’ ಅಂದ. ನಾಲ್ಕು ಮೀಟರ್ ಆಚೆ ಇದ್ದ ಬಾಕ್ಸನ್ನು ಅವನಿಂದ ಎರಡು ಮೀಟರ್‌ಗೆ ಎಳೆದಿಟ್ಟೆ. ಬಯಲಿನಲ್ಲಿ ಅದು ಸುಮಾರು 6 ಡಿಬಿ. ಖರ್ಚು ಸೊನ್ನೆ.